ಪ್ರೋಗ್ರಾಂ ಕಲಿಯದೆ ಆ್ಯಪ್ ಮಾಡುವುದು: ತೋಟದ ಲೆಕ್ಕಕ್ಕೆ ಒಂದು ಪಾಠ

ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಒಂದರ ಬೆನ್ನಿಗೊಂದು ಬರುವ ದಿನಗಳಲ್ಲಿ ನಮ್ಮ ಸಣ್ಣ ಬೆಳೆಗಾರರ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ತಪ್ಪದೆ ನಡೆಯುವ ಕೆಲಸವೆಂದರೆ ಲೆಕ್ಕ ಬರೆಯುವುದು. ದೊಡ್ಡ ಎಸ್ಟೇಟುಗಳಲ್ಲಾದರೆ ಅದಕ್ಕೆ ರೈಟರು ಇರುತ್ತಾರೆ. ಐದಾರು ಎಕರೆ ಇರುವವರು ತಾವೇ ಯಜಮಾನರು, ತಾವೇ ಮೇಸ್ತ್ರಿ, ತಾವೇ ರೈಟರು. ಎಷ್ಟೋ ಮನೆಗಳಲ್ಲಿ ಈ ಪುಸ್ತಕವನ್ನು ಬರೆಯುವವರು ಮನೆಯ ಹೆಂಗಸರು. ಯಾರು ಎಷ್ಟು ಕಿಲೋ ಕೊಯ್ದರು, ಯಾರು ಮುಂಗಡ ಪಡೆದರು, ಔಷಧಿ ಹೊಡೆದದ್ದು ಯಾವತ್ತು, ಗೊಬ್ಬರಕ್ಕೆ ಎಷ್ಟಾಯಿತು ಎಂಬುದೆಲ್ಲ ಒಂದೇ ನೋಟ್ ಪುಸ್ತಕದಲ್ಲಿ ಹಿಂದೆ ಮುಂದೆ ಸೇರಿಕೊಂಡಿರುತ್ತದೆ. ಬಟವಾಡೆಯ ದಿನ ಪುಟ ತಿರುವಿ ಕೂಡುವಾಗ ಒಂದು ಸಾಲು ಬಿಟ್ಟುಹೋದರೂ ಆಳಿಗೆ ನಷ್ಟ, ಇಲ್ಲವೇ ನಮಗೆ ನಷ್ಟ. ಹಣಕ್ಕಿಂತ ಹೆಚ್ಚಾಗಿ, ಮುಂದಿನ ವರ್ಷ ಆ ಆಳು ನಮ್ಮ ತೋಟಕ್ಕೆ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೂ ಅದರಲ್ಲಿದೆ.

ಈ ಲೆಕ್ಕಕ್ಕೆ ಮೊಬೈಲಿನಲ್ಲಿ ಒಂದು ಆ್ಯಪ್ ಮಾಡಿಸಬಹುದೇ, ಅದಕ್ಕೆ ಎಷ್ಟು ಹಣ ಬೇಕು ಎಂದು ಸದಸ್ಯರು ಆಗಾಗ ವಿಚಾರಿಸುತ್ತಿರುತ್ತಾರೆ. ಮಾಡಿಸಬೇಕಾಗಿಲ್ಲ, ತಾವೇ ಮಾಡಿಕೊಳ್ಳಬಹುದು ಎಂಬುದು ನಮ್ಮ ಉತ್ತರ. ಪ್ರೋಗ್ರಾಂ, ಅಂದರೆ ಕಂಪ್ಯೂಟರಿಗೆ ಆದೇಶ ಬರೆಯುವ ವಿದ್ಯೆ, ಇದಕ್ಕೆ ಬೇಕಾಗಿಲ್ಲ. ಬೇಕಾದದ್ದು ಲೆಕ್ಕದ ಪುಸ್ತಕವನ್ನು ಗೆರೆ ಹಾಕಿ ಸರಿಯಾಗಿ ವಿಂಗಡಿಸುವ ಬುದ್ಧಿ. ಅದು ನಮ್ಮವರಲ್ಲಿ ಬೇಕಾದಷ್ಟಿದೆ.

ಈ ದಾರಿ ಹೊಸದಲ್ಲ

ಪ್ರೋಗ್ರಾಂ ಬಾರದವರೂ ಕಂಪ್ಯೂಟರಿನಿಂದ ಕೆಲಸ ತೆಗೆಯುವ ದಾರಿಗೆ 40 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬವರು, ಅಧ್ಯಾಪಕರು ಕಪ್ಪು ಹಲಗೆಯ ಮೇಲೆ ಲೆಕ್ಕದ ಪಟ್ಟಿ ಬರೆದು, ಒಂದು ಅಂಕಿ ಬದಲಾದಾಗಲೆಲ್ಲ ಉಳಿದ ಅಂಕಿಗಳನ್ನೂ ಅಳಿಸಿ ತಿದ್ದುತ್ತಿದ್ದುದನ್ನು ಕಂಡು, ಈ ತಿದ್ದುವ ಕೆಲಸವನ್ನು ಯಂತ್ರವೇ ಮಾಡಬಾರದೇಕೆ ಎಂದು ಯೋಚಿಸಿದರು. ಬಾಬ್ ಫ್ರಾಂಕ್‌ಸ್ಟನ್ ಅವರೊಂದಿಗೆ ಸೇರಿ 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯನ್ನು ಹೊರತಂದರು. ಇಂದಿನ ಎಕ್ಸೆಲ್, ಗೂಗಲ್ ಶೀಟ್ಸ್ ಇವೆಲ್ಲ ಅದೇ ವಂಶದವು. 1987ರಲ್ಲಿ ಆಪಲ್ ಕಂಪನಿಯ ಬಿಲ್ ಅಟ್ಕಿನ್‌ಸನ್ ‘ಹೈಪರ್‌ಕಾರ್ಡ್’ ಎಂಬುದನ್ನು ಮಾಡಿ, ಪರದೆಯ ಮೇಲೆ ಕಾರ್ಡುಗಳನ್ನೂ ಗುಂಡಿಗಳನ್ನೂ ಜೋಡಿಸಿ ಯಾರು ಬೇಕಾದರೂ ತಮ್ಮದೇ ಚಿಕ್ಕ ಸಾಧನ ಮಾಡಿಕೊಳ್ಳುವ ಅನುಕೂಲ ಕಲ್ಪಿಸಿದರು. ಈಗ ಇಂಥವುಗಳಿಗೆ ‘ನೋ ಕೋಡ್’, ‘ಲೋ ಕೋಡ್’ ಎಂದು ಹೆಸರು.

ಇಂದು ದೊರೆಯುವ ಸಾಧನಗಳು ಹತ್ತಾರು. ಎಲ್ಲವನ್ನೂ ವಿವರಿಸುತ್ತ ಹೋದರೆ ಅಂಗಡಿಯ ಪಟ್ಟಿಯಾದೀತು. ಗೂಗಲ್ ಶೀಟಿನ ಮೇಲೆ ಕೂರುವ ‘ಆ್ಯಪ್‌ಶೀಟ್’ ಒಂದನ್ನೇ ಹಿಡಿದು ಈ ಪಾಠ ಹೇಳುತ್ತೇವೆ. ಇದನ್ನು 2020ರಲ್ಲಿ ಗೂಗಲ್ ಕೊಂಡುಕೊಂಡಿತು. ಹಾಳೆಯಲ್ಲಿ ಕಾಲಂಗಳಿಗೆ ಹೆಸರು ಕೊಟ್ಟು ‘ಎಕ್ಸ್‌ಟೆನ್ಷನ್ಸ್’ ಎಂಬಲ್ಲಿ ಆ್ಯಪ್‌ಶೀಟನ್ನು ಆರಿಸಿದರೆ, ಆ ಕಾಲಂಗಳನ್ನು ನೋಡಿಕೊಂಡು ಫೋನಿನಲ್ಲಿ ತುಂಬಬಹುದಾದ ನಮೂನೆಯನ್ನು ಅದೇ ತಯಾರಿಸುತ್ತದೆ. ಮಾಡಿ ನೋಡುವುದಕ್ಕೂ ಹತ್ತು ಜನರವರೆಗೆ ಪ್ರಯೋಗಕ್ಕೆ ಕೊಡುವುದಕ್ಕೂ ಶುಲ್ಕವಿಲ್ಲ. ಅದಕ್ಕೂ ಮೀರಿ ಬಳಕೆಗೆ ತಂದರೆ ತಿಂಗಳಿಗೆ ತಲಾ ಇಷ್ಟೆಂದು ಕೊಡಬೇಕಾಗುತ್ತದೆ. ಒಂದು ಮನೆಯ ಮೂರು ನಾಲ್ಕು ಜನ ಪ್ರಯೋಗ ಮಾಡಿ ನೋಡಲು ಈ ಮಿತಿ ಧಾರಾಳವಾಯಿತು.

ಹಾಜರಿ ಪುಸ್ತಕವನ್ನು ಹಾಗೇ ಇಳಿಸಬೇಡಿ

ಈ ಪಾಠದ ಮುಖ್ಯ ಭಾಗ ಇದು. ದಯವಿಟ್ಟು ನಿಧಾನವಾಗಿ ಓದಿ.

ನಮ್ಮ ಹಾಜರಿ ಪುಸ್ತಕದಲ್ಲಿ ಎಡಗಡೆ ಆಳುಗಳ ಹೆಸರು, ಮೇಲ್ಗಡೆ ಅಡ್ಡಕ್ಕೆ 1ರಿಂದ 31ರವರೆಗೆ ತಾರೀಕುಗಳು. ಪ್ರತಿ ಚೌಕದಲ್ಲಿ ಅಂದಿನ ಕಿಲೋ. ಕಾಗದಕ್ಕೆ ಇದು ಬಹಳ ಒಳ್ಳೆಯ ಪದ್ಧತಿ. ಒಂದೇ ನೋಟಕ್ಕೆ ತಿಂಗಳೆಲ್ಲ ಕಾಣುತ್ತದೆ. ಆದರೆ ಇದನ್ನು ಹಾಗೆಯೇ ಕಂಪ್ಯೂಟರ್ ಹಾಳೆಗೆ ಇಳಿಸಿದರೆ ಆ್ಯಪ್ ಕೆಡುವುದು ಖಂಡಿತ. ಏಕೆಂದರೆ ಆ್ಯಪಿನ ದೃಷ್ಟಿಯಲ್ಲಿ ಪ್ರತಿಯೊಂದು ಕಾಲಂ ಒಂದೊಂದು ಪ್ರಶ್ನೆ. 31 ಕಾಲಂ ಇದ್ದರೆ ತೂಕ ಹಾಕುವವರ ಮುಂದೆ 31 ಪ್ರಶ್ನೆಗಳು ಬಂದು ನಿಲ್ಲುತ್ತವೆ. ಮುಂದಿನ ತಿಂಗಳು ಬಂದರೆ ಮತ್ತೆ 31. ಒಬ್ಬರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೂಕಕ್ಕೆ ತಂದರೆ ಎರಡನ್ನು ಒಂದೇ ಚೌಕದಲ್ಲಿ ಬರೆಯಲು ಜಾಗವೇ ಇರುವುದಿಲ್ಲ.

ಆದುದರಿಂದ ತಾರೀಕಿಗೊಂದು ಕಾಲಂ ಮಾಡದೆ, ನಡೆದ ಪ್ರತಿಯೊಂದು ತೂಕಕ್ಕೂ ಒಂದು ಸಾಲು ಮಾಡಬೇಕು. ಸಾಲಿನಲ್ಲಿ ಇರಬೇಕಾದದ್ದು ಇಷ್ಟೇ: ತಾರೀಕು, ಆಳಿನ ನಂಬರು, ಕೆಲಸ, ಪ್ರಮಾಣ, ಅಳತೆ, ದರ. ಹಾಳೆ ಉದ್ದಕ್ಕೆ ಬೆಳೆಯುತ್ತದೆ, ಅಗಲಕ್ಕೆ ಬೆಳೆಯುವುದಿಲ್ಲ. ಸಾವಿರ ಸಾಲಾದರೂ ಯಂತ್ರಕ್ಕೆ ಬೇಸರವಿಲ್ಲ. ತಿಂಗಳ ಮೊತ್ತ ಬೇಕೆಂದರೆ ಅದು ಕೂಡಿಕೊಡುತ್ತದೆ. ಹಳೆಯ ಹಾಜರಿ ಪುಸ್ತಕದ ರೂಪದಲ್ಲೇ ನೋಡಬೇಕೆಂದರೆ ಶೀಟಿನಲ್ಲಿ ‘ಪಿವಟ್ ಟೇಬಲ್’ ಎಂಬ ವ್ಯವಸ್ಥೆಯಿದೆ. ಉದ್ದದ ಹಾಳೆಯನ್ನು ಅದು ಅಡ್ಡಕ್ಕೆ ತಿರುಗಿಸಿ ತೋರಿಸುತ್ತದೆ. ಬರೆಯುವುದು ಉದ್ದಕ್ಕೆ, ನೋಡುವುದು ಬೇಕಾದ ಹಾಗೆ.

‘ಅಳತೆ’ ಎಂಬ ಕಾಲಂ ಏಕೆಂದು ಕೆಲವರು ಕೇಳಬಹುದು. ಕಾಫಿ ಕೊಯ್ಲಿಗೆ ಕಿಲೋ ಲೆಕ್ಕ. ಅಡಿಕೆಗೆ ಬಂದರೆ ಕೊನೆ ತೆಗೆಯುವವರದು ಒಂದು ಲೆಕ್ಕ, ಸುಲಿಯುವವರದು ಇನ್ನೊಂದು, ಕಳೆ ತೆಗೆಯುವವರದು ದಿನಗೂಲಿ. ಕಿಲೋ, ಕೊನೆ, ಡಬ್ಬ, ದಿನ ಎಂದು ನಾಲ್ಕು ಆಯ್ಕೆಗಳನ್ನು ಕೊಟ್ಟುಬಿಟ್ಟರೆ ಕಾಫಿಗೂ ಅಡಿಕೆಗೂ ಒಂದೇ ಹಾಳೆ ಸಾಕು. ಆದರೆ ಪ್ರಮಾಣವನ್ನು ಕೂಡುವಾಗ ಅಳತೆ ಬೇರೆ ಮಾಡಿಯೇ ಕೂಡಬೇಕು. 40 ಕಿಲೋಗೂ 40 ಕೊನೆಗೂ ಸೇರಿಸಿ 80 ಎಂದು ಯಂತ್ರ ನಾಚಿಕೆಯಿಲ್ಲದೆ ಹೇಳಿಬಿಡುತ್ತದೆ.

ಆಳುಗಳದೇ ಬೇರೊಂದು ಹಾಳೆ ಇರಲಿ: ನಂಬರು, ಹೆಸರು, ಊರು, ಇಷ್ಟು ಸಾಕು. ಮುಂಗಡಕ್ಕೆ ಮೂರನೆಯ ಹಾಳೆ: ತಾರೀಕು, ಆಳಿನ ನಂಬರು, ಮೊತ್ತ. ಹೀಗೆ ಮೂರು ಹಾಳೆಗಳು, ಮೂರಕ್ಕೂ ಕೊಂಡಿ ಆಳಿನ ನಂಬರು. ಆ್ಯಪ್‌ಶೀಟಿನಲ್ಲಿ ಈ ಕೊಂಡಿಗೆ ‘ರೆಫ್’ ಎನ್ನುತ್ತಾರೆ. ತೂಕದ ಹಾಳೆಯ ‘ಆಳಿನ ನಂಬರು’ ಕಾಲಂ ‘ರೆಫ್’ ಎಂದು ಗುರುತಿಸಿದರೆ, ತೂಕ ಹಾಕುವಾಗ ಹೆಸರುಗಳ ಪಟ್ಟಿಯೇ ಪರದೆಗೆ ಬರುತ್ತದೆ. ಬೆರಳು ಮುಟ್ಟಿಸಿದರಾಯಿತು.

ನಂಬರು ಏತಕ್ಕೆ, ಹೆಸರೇ ಸಾಲದೇ? ಸಾಲದು. ಒಂದೇ ಗುಂಪಿನಲ್ಲಿ ಇಬ್ಬರು ಲಕ್ಷ್ಮಿಯರು ಇರುವುದು ನಮ್ಮಲ್ಲಿ ಸಾಮಾನ್ಯ. ಅದಲ್ಲದೆ ಒಬ್ಬಳೇ ಲಕ್ಷ್ಮಿಯನ್ನು ಯಜಮಾನರು ‘ಲಕ್ಷ್ಮಿ’ ಎಂದೂ ಮಗ ‘ಲಕ್ಷ್ಮೀ’ ಎಂದೂ ಬರೆದರೆ ನಾವು ಒಬ್ಬಳೆಂದೇ ಓದುತ್ತೇವೆ, ಯಂತ್ರ ಇಬ್ಬರೆಂದು ಎಣಿಸುತ್ತದೆ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಬಿದ್ದರೂ ಅದೇ ಗತಿ. ಅರ್ಧ ಕೂಲಿ ಒಬ್ಬಳ ಲೆಕ್ಕಕ್ಕೆ, ಅರ್ಧ ಇಲ್ಲದವಳ ಲೆಕ್ಕಕ್ಕೆ ಹೋಗುತ್ತದೆ.

ದರ ಬದಲಾದಾಗ ಆಗುವ ಅನಾಹುತ

ಆ್ಯಪ್ ಮಾಡಿಕೊಡುವ ತರುಣರು ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. ಕಾಫಿ ಕೊಯ್ಲಿನಲ್ಲಿ ದರ ಒಂದೇ ಇರುವುದಿಲ್ಲ. ಮೊದಲ ಫ್ಲೈ ಪಿಕಿಂಗಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು. ಕಿಲೋ ಲೆಕ್ಕದಲ್ಲಿ ಹೆಚ್ಚು ಕೊಟ್ಟರಲ್ಲದೆ ಆಳಿಗೆ ಪೂರೈಸುವುದಿಲ್ಲ. ಮುಖ್ಯ ಕೊಯ್ಲಿಗೆ ಬಂದಾಗ ದರ ಇಳಿಯುತ್ತದೆ. ಕಡೆಯ ಸ್ಟ್ರಿಪ್ಪಿಂಗಿಗೆ ಮತ್ತೊಂದು ದರ.

ಈಗ ದರವನ್ನು ಎಲ್ಲೋ ಒಂದು ಕಡೆ ಬರೆದಿಟ್ಟು, ಪ್ರತಿ ಸಾಲೂ ಅಲ್ಲಿಂದಲೇ ದರವನ್ನು ನೋಡಿಕೊಳ್ಳುವಂತೆ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ನೋಡಲು ಅಚ್ಚುಕಟ್ಟು. ಆದರೆ ಲೆಕ್ಕ ಹಾಕಿ ನೋಡೋಣ. 7ನೆಯ ನಂಬರಿನ ಆಳು ಮೂರು ದಿನ ಫ್ಲೈ ಪಿಕಿಂಗಿನಲ್ಲಿ 38, 41, 35 ಕಿಲೋ ಕೊಯ್ದಿದ್ದಾರೆ. ಒಟ್ಟು 114 ಕಿಲೋ. ಉದಾಹರಣೆಗೆ ದರ 7 ರೂ. ಎಂದರೆ 798 ರೂ. ಮುಂದಿನ ಮೂರು ದಿನ ಮುಖ್ಯ ಕೊಯ್ಲಿನಲ್ಲಿ 92, 88, 95, ಒಟ್ಟು 275 ಕಿಲೋ. ದರ 5 ರೂ. ಎಂದರೆ 1375 ರೂ. ವಾರದ ಕೂಲಿ 2173 ರೂ. ಆಗಬೇಕು. ನಾಲ್ಕನೆಯ ದಿನ ಬೆಳಿಗ್ಗೆ ನೀವು ದರದ ಜಾಗದಲ್ಲಿ 7ನ್ನು ಅಳಿಸಿ 5 ಬರೆದ ಕ್ಷಣವೇ ಹಿಂದಿನ ಮೂರು ದಿನಗಳ ಸಾಲುಗಳೂ 5ಕ್ಕೆ ಇಳಿಯುತ್ತವೆ. ಬಟವಾಡೆಯ ದಿನ ಯಂತ್ರ 389 ಕಿಲೋಗೆ 1945 ರೂ. ತೋರಿಸುತ್ತದೆ. 228 ರೂ. ಕಡಿಮೆ. ಆಳು ‘ಲೆಕ್ಕ ಸರಿಯಿಲ್ಲ’ ಎಂದರೆ ನಾವು ಫೋನು ತೋರಿಸಿ ‘ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ’ ಎನ್ನುತ್ತೇವೆ. ಅಂಥ ಇಪ್ಪತ್ತು ಆಳುಗಳಿದ್ದರೆ ವಾರಕ್ಕೆ ನಾಲ್ಕೂವರೆ ಸಾವಿರ ರೂಪಾಯಿ ದುಡಿದವರ ಕೈಗೆ ಸಿಗದೆ ಹೋಯಿತು. ಯಾರ ಮನಸ್ಸಿನಲ್ಲೂ ಮೋಸವಿಲ್ಲ, ಆದರೂ ಮೋಸವಾಯಿತು.

ಇದಕ್ಕೆ ಪರಿಹಾರ ಸುಲಭ. ದರವನ್ನು ಆಯಾ ಸಾಲಿನಲ್ಲೇ ಬರೆದಿಡಬೇಕು. ಆ್ಯಪ್‌ಶೀಟಿನಲ್ಲಿ ಪ್ರತಿ ಕಾಲಂಗೆ ‘ಇನಿಷಿಯಲ್ ವ್ಯಾಲ್ಯೂ’ ಎಂಬ ಒಂದು ಮನೆಯೂ ‘ಆ್ಯಪ್ ಫಾರ್ಮುಲಾ’ ಎಂಬ ಇನ್ನೊಂದು ಮನೆಯೂ ಇವೆ. ಮೊದಲನೆಯದರಲ್ಲಿ ಬರೆದದ್ದು ಹೊಸ ಸಾಲು ಹುಟ್ಟುವಾಗ ಒಮ್ಮೆ ಬಂದು ಕೂರುತ್ತದೆ. ಆ ಮೇಲೆ ನಾವಾಗಿ ತಿದ್ದಿದರೆ ಹೊರತು ಅಲುಗುವುದಿಲ್ಲ. ಎರಡನೆಯದರಲ್ಲಿ ಬರೆದದ್ದನ್ನು, ಆ ಸಾಲನ್ನು ಯಾವಾಗ ತಿದ್ದಿದರೂ ಯಂತ್ರ ಹೊಸದಾಗಿ ಲೆಕ್ಕ ಹಾಕುತ್ತದೆ. ಆದುದರಿಂದ ಅಂದಿನ ದರ ‘ಇನಿಷಿಯಲ್ ವ್ಯಾಲ್ಯೂ’ನಲ್ಲಿ ಇರಲಿ, ಕೂಲಿ ಎಂಬ ಕಾಲಂಗೆ ಮಾತ್ರ ಪ್ರಮಾಣ ಗುಣಿಸು ದರ ಎಂಬ ಫಾರ್ಮುಲಾ ಇರಲಿ. ಬೇರೆ ಯಾವ ಸಾಧನ ಬಳಸಿದರೂ, ಬೇರೆಯವರಿಂದ ಮಾಡಿಸಿದರೂ, ಕೇಳಲೇಬೇಕಾದ ಮೊದಲ ಪ್ರಶ್ನೆ ‘ಇವತ್ತು ದರ ಬದಲಾಯಿಸಿದರೆ ನಿನ್ನೆಯ ಕೂಲಿ ಏನಾಗುತ್ತದೆ?’ ಎಂಬುದು. ಅಡಿಕೆ ಮಾರಾಟದ ಧಾರಣೆಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರತಿ ಸಾಲಿಗೂ ಒಂದು ಗುರುತು ಸಂಖ್ಯೆ ಬೇಕು. ಹಾಳೆಯ ಸಾಲಿನ ಸಂಖ್ಯೆಯನ್ನೇ ಗುರುತಾಗಿ ಬಿಟ್ಟರೆ, ಯಾರಾದರೂ ನಡುವಿನ ಒಂದು ಸಾಲನ್ನು ಅಳಿಸಿದಾಗ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೇರಿ ಗುರುತುಗಳು ತಪ್ಪುತ್ತವೆ. ಇದಕ್ಕೆ ಬೇರೆ ಒಂದು ಕಾಲಂ ಇಟ್ಟು, ಅದರ ‘ಇನಿಷಿಯಲ್ ವ್ಯಾಲ್ಯೂ’ನಲ್ಲಿ ‘ಯೂನಿಕ್ ಐಡಿ’ ಎಂಬ ಸಿದ್ಧ ಆದೇಶವನ್ನು ಹಾಕಿದರೆ ಯಂತ್ರವೇ ಪ್ರತಿ ಸಾಲಿಗೂ ಬೇರೆ ಬೇರೆ ಗುರುತು ಕೊಡುತ್ತದೆ.

ಅಂಕಿ, ತಾರೀಕು ಬರೆಯುವ ಕ್ರಮ

ಅಂಕಿಯ ಕಾಲಂನಲ್ಲಿ ಅಂಕಿ ಮಾತ್ರ. ‘38 ಕೆ.ಜಿ.’ ಎಂದು ಬರೆದರೆ ಯಂತ್ರ ಅದನ್ನು ಅಕ್ಷರವೆಂದು ತಿಳಿದು ಕೂಡುವಾಗ ಬಿಟ್ಟುಬಿಡುತ್ತದೆ, ಬಿಟ್ಟೆನೆಂದು ಹೇಳುವುದೂ ಇಲ್ಲ. ಆ್ಯಪಿನಲ್ಲಿ ಆ ಕಾಲಂನ್ನು ಅಂಕಿ ಎಂದು ಗುರುತಿಸಿದ್ದರೆ ಫೋನಿನಲ್ಲಿ ಅಕ್ಷರ ಬರೆಯಲು ಬಿಡುವುದಿಲ್ಲ. ಆದರೆ ಯಾರಾದರೂ ನೇರವಾಗಿ ಹಾಳೆಯಲ್ಲಿ ಕೈಯಾಡಿಸಿದರೆ ಆ ರಕ್ಷಣೆ ಇಲ್ಲ.

ತಾರೀಕಿನದು ಇದಕ್ಕಿಂತ ಮೋಸದ ಸಂಗತಿ. ನಾವು 5-12 ಎಂದರೆ ಡಿಸೆಂಬರ್ 5. ಅಮೆರಿಕದವರಿಗೆ ಅದು ಮೇ 12. ಶೀಟಿನ ‘ಸೆಟ್ಟಿಂಗ್ಸ್’ನಲ್ಲಿ ‘ಲೊಕೇಲ್’ ಎಂಬುದನ್ನು ಇಂಡಿಯಾ ಎಂದು ಮಾಡದಿದ್ದರೆ, 1ರಿಂದ 12ರವರೆಗಿನ ತಾರೀಕುಗಳು ತಿರುಗುಮುರುಗಾಗಿ, 13ರಿಂದ ಮುಂದಿನವು ತಾರೀಕೆಂದೇ ಪರಿಗಣಿಸಲ್ಪಡದೆ ಹೋಗುತ್ತವೆ. ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ಮಳೆ ಲೆಕ್ಕ ಇಡುವವರಿಗೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಇಂದಿಗೂ ಇಂಚು, ಸೆಂಟು ಎಂದೇ ಬರೆಯುವ ರೂಢಿ. 1 ಇಂಚು 20 ಸೆಂಟು ಎಂದರೆ 1.20. ಸರಿ. ಆದರೆ 1 ಇಂಚು 5 ಸೆಂಟು ಎಂದರೆ 1.05, 1.5 ಅಲ್ಲ. 1.5 ಎಂದರೆ ಒಂದೂವರೆ ಇಂಚು. ಹೂ ಮಳೆಯ ಲೆಕ್ಕದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅನುಮಾನವಿದ್ದರೆ ಇಂಚಿಗೆ ಒಂದು ಕಾಲಂ, ಸೆಂಟಿಗೆ ಒಂದು ಕಾಲಂ ಇಟ್ಟು, ಸೆಂಟನ್ನು 100ರಿಂದ ಭಾಗಿಸಿ ಕೂಡುವಂತೆ ಯಂತ್ರಕ್ಕೆ ಹೇಳಿ.

ಅಡಿಕೆಯವರಿಗೆ ಉಪಯೋಗವಾಗುವ ಒಂದು ಚಿಕ್ಕ ಹಾಳೆಯನ್ನೂ ಸೂಚಿಸುತ್ತೇವೆ. ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ಅದಾದ 40-45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ತೋಟದ ಭಾಗ, ಹೊಡೆದ ತಾರೀಕು, ಬಳಸಿದ ಮೈಲುತುತ್ತು ಎಂಬ ಮೂರು ಕಾಲಂಗಳನ್ನಿಟ್ಟು, ನಾಲ್ಕನೆಯದರಲ್ಲಿ ‘ತಾರೀಕು ಕೂಡು 40’ ಎಂದು ಬರೆದರೆ ಎರಡನೆಯ ಸಿಂಪಡಣೆಯ ಸಮಯ ತಾನಾಗಿ ಬರುತ್ತದೆ. ಯಂತ್ರಕ್ಕೆ ತಾರೀಕು ಎಂದರೆ ಒಂದು ಅಂಕಿ. ಆದುದರಿಂದಲೇ ಕೂಡುವುದು ಸಾಧ್ಯ. ಮೇಲಿನ ತಟ್ಟಿಗೆ ಯಾವಾಗ ಹೊಡೆದದ್ದು, ಕೆಳಗಿನದಕ್ಕೆ ಯಾವಾಗ ಎಂಬ ಚರ್ಚೆ ಮನೆಯಲ್ಲಿ ಕಡಿಮೆಯಾದೀತು. ಆ ದಿನ ಮಳೆ ಬಿಡುವು ಕೊಡುತ್ತದೆಯೇ ಎಂಬುದು ಯಾವ ಆ್ಯಪಿಗೂ ಗೊತ್ತಿಲ್ಲ.

ಸಿಗ್ನಲ್ ಇಲ್ಲದ ಕಡೆ

ಮಲೆನಾಡಿನಲ್ಲಿ ಕಣದ ಹತ್ತಿರ ಸಿಗ್ನಲ್ ಸಿಕ್ಕರೆ ತೋಟದ ತಗ್ಗಿನಲ್ಲಿ ಸಿಗುವುದಿಲ್ಲ. ಗೂಗಲ್ ಫಾರಂ ಎಂಬ ಸರಳ ಸಾಧನವಿದೆ. ಮಾಡುವುದು ಬಹಳ ಸುಲಭ, ಖರ್ಚೂ ಇಲ್ಲ. ಆದರೆ ಕಳುಹಿಸುವ ಹೊತ್ತಿಗೆ ಸಂಪರ್ಕ ಇರಲೇಬೇಕು. ಮನೆಯಲ್ಲಿ ಕುಳಿತು ಮಳೆ ಬರೆಯಲು ಅದು ಸಾಕು, ತೂಕದ ಜಾಗಕ್ಕೆ ಸಾಲದು. ಆ್ಯಪ್‌ಶೀಟಿನಲ್ಲಾದರೆ ಸಂಪರ್ಕ ಇಲ್ಲದಾಗ ಬರೆದದ್ದು ಫೋನಿನಲ್ಲೇ ಉಳಿದಿದ್ದು, ಸಿಗ್ನಲ್ ಬಂದಾಗ ‘ಸಿಂಕ್’ ಮಾಡಿದರೆ ಹಾಳೆಗೆ ಸೇರುತ್ತದೆ. ಅಲ್ಲಿಯವರೆಗೆ ಆ ಸಾಲುಗಳು ಇರುವುದು ಆ ಒಂದು ಫೋನಿನಲ್ಲಿ ಮಾತ್ರ ಎಂಬುದು ನೆನಪಿರಲಿ. ಫೋನು ಹೊಂಡಕ್ಕೆ ಬಿದ್ದರೆ ಅವೂ ಬಿದ್ದವು. ಆದುದರಿಂದ ತೂಕದ ಚೀಟಿಯನ್ನು ನಿಲ್ಲಿಸಬೇಡಿ. ಆಳಿನ ಕೈಯಲ್ಲಿ ಒಂದು ಚೀಟಿ ಇರಬೇಕಾದದ್ದು ನ್ಯಾಯ. ಫೋನು ನಮ್ಮ ಜೇಬಿನಲ್ಲಿದೆ, ಅವರ ಬಳಿ ಇರುವ ಸಾಕ್ಷಿ ಚೀಟಿಯೊಂದೇ.

ಸಂಪರ್ಕವಿಲ್ಲದ ಕಡೆ ಮಾಹಿತಿ ಸಂಗ್ರಹಿಸಲೆಂದೇ ಮಾಡಿದ ಇನ್ನೊಂದು ಸಾಧನ ‘ಓಡಿಕೆ’. ಇದು 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದದ್ದು. ಅದರ ಬಂಧುವೇ ‘ಕೋಬೋ ಟೂಲ್‌ಬಾಕ್ಸ್’. ಇವುಗಳಲ್ಲಿ ಪ್ರಶ್ನೆಗಳನ್ನು ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಬರೆದರೆ ಅದೇ ಫಾರಂ ಆಗುತ್ತದೆ. ಒಂದು ಕಾಲಂನಲ್ಲಿ ಪ್ರಶ್ನೆಯ ಬಗೆ, ಇನ್ನೊಂದರಲ್ಲಿ ಅದರ ಗುಪ್ತನಾಮ, ಮತ್ತೊಂದರಲ್ಲಿ ಪರದೆಯ ಮೇಲೆ ಕಾಣಬೇಕಾದ ಮಾತು. ಆ ಮಾತು ಕನ್ನಡದಲ್ಲಿರಬಹುದು. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಎಂದು ಎರಡು ಕಾಲಂ ಇಟ್ಟರೆ ತುಂಬುವವರು ತಮಗೆ ಬೇಕಾದ ಭಾಷೆ ಆರಿಸಿಕೊಳ್ಳಬಹುದು.

ಕಾಫಿ ಬೆಳೆಗಾರರಿಗೆ ಇದರ ಪ್ರಸ್ತಾಪ ಏಕೆಂದರೆ, ಯೂರೋಪ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದೆಂದು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ, ಆದರೆ ನಿಯಮ ಹೋಗಿಲ್ಲ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಯವರೆಗಿನ ಜಮೀನಿಗೆ ಒಂದು ಬಿಂದು ಸಾಕು. ಅದಕ್ಕೂ ದೊಡ್ಡದಾದರೆ ಸುತ್ತಳತೆಯ ಗೆರೆಯೇ ಬೇಕು. ಬಿಂದುವನ್ನು ದಶಮಾಂಶದ ಆರು ಸ್ಥಾನದವರೆಗೆ ಬರೆಯಬೇಕು. ಅಡಿಕೆ ಈ ನಿಯಮದ ಪಟ್ಟಿಯಲ್ಲಿ ಇಲ್ಲ. ಓಡಿಕೆಯಲ್ಲಿ ‘ಜಿಯೋಪಾಯಿಂಟ್’ ಎಂಬ ಬಗೆಯ ಪ್ರಶ್ನೆ ಹಾಕಿದರೆ ಫೋನು ತಾನೇ ಈ ಅಂಕಿಗಳನ್ನು ತುಂಬುತ್ತದೆ. ಆರನೆಯ ಸ್ಥಾನವೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಫೋನು ಅಷ್ಟು ನಿಖರವಾಗಿಯೇನೂ ಇರುವುದಿಲ್ಲ. ಸಿಲ್ವರ್, ಹಲಸಿನ ನೆರಳಿನಲ್ಲಿ ನಿಂತರೆ ಹಲವು ಮೀಟರುಗಳ ವ್ಯತ್ಯಾಸ ಬರುತ್ತದೆ. ಎಷ್ಟು ಮೀಟರ್ ಎಂಬುದನ್ನು ಪರದೆಯೇ ತೋರಿಸುತ್ತದೆ. ಅದು ಇಳಿಯುವವರೆಗೆ ಎರಡು ನಿಮಿಷ ಬಯಲಿನಲ್ಲಿ ನಿಂತು ಕಾಯಬೇಕು. ಗಡಿಯ ಬೇಲಿಯ ಬಳಿ ನಿಂತು ತೆಗೆದರೆ ಬಿಂದು ಪಕ್ಕದ ಕಾಡಿನೊಳಗೆ ಬಿದ್ದು ಇಲ್ಲದ ತೊಂದರೆಗೆ ದಾರಿಯಾದೀತು. ತೋಟದ ನಡುಮಧ್ಯದಲ್ಲೇ ತೆಗೆಯಿರಿ.

ಬಾಗಿಲಿಗೆ ಅಗಳಿ

ಸುಲಭವಾಗಿ ಆ್ಯಪ್ ಮಾಡಬಹುದೆಂದರೆ ಸುಲಭವಾಗಿ ಬಾಗಿಲು ತೆರೆದಿಡಬಹುದು ಎಂದೂ ಅರ್ಥ. 2021ರ ಆಗಸ್ಟ್‌ನಲ್ಲಿ ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ ಒಂದು ಸಂಗತಿಯನ್ನು ಬಯಲಿಗೆ ತಂದಿತು. ಮೈಕ್ರೋಸಾಫ್ಟ್‌ನ ‘ಪವರ್ ಆ್ಯಪ್ಸ್’ ಎಂಬ ಇಂಥದೇ ಸಾಧನದಿಂದ ಮಾಡಿದ ಜಾಲತಾಣಗಳಲ್ಲಿ 47 ಸಂಸ್ಥೆಗಳ 3 ಕೋಟಿ 80 ಲಕ್ಷ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದವು. ಅವುಗಳಲ್ಲಿ ಅಮೆರಿಕದ ಕೆಲವು ರಾಜ್ಯಗಳ ಆರೋಗ್ಯ ದಾಖಲೆಗಳೂ ಇದ್ದವು. ಯಾರೂ ಬೀಗ ಮುರಿದದ್ದಲ್ಲ. ಅಗಳಿ ಹಾಕುವುದು ಒಂದು ಆಯ್ಕೆಯಾಗಿತ್ತು, ಮಾಡಿದವರು ಅದನ್ನು ಹಾಕಿರಲಿಲ್ಲ. ಆ ನಂತರ ಕಂಪನಿ ಅಗಳಿ ಮೊದಲೇ ಬಿದ್ದಿರುವಂತೆ ಬದಲಾಯಿಸಿತು. ದೊಡ್ಡ ದೊಡ್ಡ ಕಚೇರಿಗಳಿಗೇ ಹೀಗಾದ ಮೇಲೆ ನಮ್ಮ ಮಾತೇನು?

ಶೀಟನ್ನು ಇನ್ನೊಬ್ಬರಿಗೆ ಕೊಡುವಾಗ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆಯನ್ನು ಒತ್ತಲೇಬೇಡಿ. ವಾಟ್ಸಾಪಿನಲ್ಲಿ ಆ ಲಿಂಕ್ ಎಲ್ಲಿಗೆ ಹೋಗುತ್ತದೆಂದು ಹೇಳುವವರಾರು? ಯಾರಿಗೆ ಬೇಕೋ ಅವರ ಇಮೇಲ್ ಹೆಸರಿಗೇ ಕೊಡಿ. ಆಳುಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಕೊಯ್ಲಿನ ಹಾಳೆಗೆ ಸೇರಿಸುವ ಅಗತ್ಯವೇ ಇಲ್ಲ. ಇಲ್ಲದ ವಿಷಯ ಸೋರುವುದೂ ಇಲ್ಲ. ತೂಕ ಬರೆಯುವವರಿಗೆ ಹೊಸ ಸಾಲು ಸೇರಿಸುವ ಅಧಿಕಾರ ಮಾತ್ರ ಇರಲಿ, ತಿದ್ದುವ, ಅಳಿಸುವ ಅಧಿಕಾರ ಬೇಡ. ಆ್ಯಪ್‌ಶೀಟಿನಲ್ಲಿ ಪ್ರತಿ ಹಾಳೆಗೂ ಇದನ್ನು ಗೊತ್ತುಪಡಿಸಬಹುದು. ಇದು ಅವರ ಮೇಲಿನ ಅಪನಂಬಿಕೆಯಲ್ಲ. ನಾಳೆ ತಕರಾರು ಬಂದರೆ ಅವರನ್ನೇ ರಕ್ಷಿಸುವ ಕ್ರಮ.

ಜಾಲತಾಣದ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಮನೆಯಲ್ಲೇ ಹುರಿದ ಕಾಫಿಪುಡಿ, ಕಾಳುಮೆಣಸು, ಜೇನು ಮಾರುವವರು ಗೂಗಲ್ ಸೈಟ್ಸ್‌ನಂಥ ಸಾಧನದಲ್ಲಿ ಚಿತ್ರ, ಬರಹ ಜೋಡಿಸಿ ಒಂದು ಮಧ್ಯಾಹ್ನದಲ್ಲಿ ಪುಟ ಮಾಡಿಕೊಳ್ಳಬಹುದು. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ವರ್ಷ ವರ್ಷ ಹಣ ಕಟ್ಟಬೇಕು. ಆ ವಿಳಾಸವನ್ನು ಮಾಡಿಕೊಟ್ಟವರ ಹೆಸರಿನಲ್ಲಿ ಅಲ್ಲ, ನಿಮ್ಮ ಹೆಸರಿನಲ್ಲೇ ನೋಂದಾಯಿಸಬೇಕು. ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡದೆ ಯಾರೂ ಗಿಡ ನೆಡುವುದಿಲ್ಲವಷ್ಟೆ.

ಬಳಕೆಗೆ ತರುವ ಮುಂಚೆ, ವರ್ಷ ಮುಗಿದ ಮೇಲೆ

ಈಚೆಗೆ ಮಾತಿನಲ್ಲಿ ಹೇಳಿದರೆ ಸಾಕು, ಫಾರ್ಮುಲಾವನ್ನೂ ಇಡೀ ಆ್ಯಪನ್ನೂ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತವೆ. ಬಳಸಲು ನಮ್ಮ ಅಡ್ಡಿಯಿಲ್ಲ. ಆದರೆ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುವ ಗುಣ ಅವಕ್ಕಿದೆ. ನೀವು ಮಾಡಿದ್ದಾಗಲಿ, ಅವು ಮಾಡಿದ್ದಾಗಲಿ, ಬೇರೆಯವರು ಹಣ ಪಡೆದು ಮಾಡಿಕೊಟ್ಟದ್ದಾಗಲಿ, ಪರೀಕ್ಷೆ ಒಂದೇ: ಕಳೆದ ವರ್ಷದ ಪುಸ್ತಕದಿಂದ ದರ ಬದಲಾದ ಒಂದು ವಾರವನ್ನು ಆರಿಸಿ, ಆ ಚೀಟಿಗಳನ್ನೆಲ್ಲ ಆ್ಯಪಿಗೆ ತುಂಬಿ, ಕೊಟ್ಟ ಬಟವಾಡೆಗೂ ಯಂತ್ರದ ಮೊತ್ತಕ್ಕೂ ರೂಪಾಯಿ ಸಹ ವ್ಯತ್ಯಾಸವಿಲ್ಲದೆ ತಾಳೆ ಬರುತ್ತದೆಯೇ ನೋಡಿ. ಬಂದ ಮೇಲೆಯೂ ಈ ವರ್ಷದ ಮೊದಲ ಎರಡು ವಾರ ಪುಸ್ತಕ, ಫೋನು ಎರಡರಲ್ಲೂ ಬರೆಯಿರಿ. ಮೇಲೆ ಹೇಳಿದ 7ನೆಯ ನಂಬರಿನವರಿಗೆ 500 ರೂ. ಮುಂಗಡ ಕೊಟ್ಟಿದ್ದರೆ ಕೈಗೆ ಕೊಡಬೇಕಾದದ್ದು 1673 ರೂ. ಎಂದು ಬರಬೇಕು.

ಈ ಸಾಧನಗಳು ಶಾಶ್ವತವಲ್ಲ ಎಂಬುದನ್ನೂ ತಿಳಿದಿರಬೇಕು. ಹೈಪರ್‌ಕಾರ್ಡ್ ಮಾರಾಟ 2004ರಲ್ಲಿ ನಿಂತಿತು. ಗೂಗಲ್ಲಿನದೇ ‘ಆ್ಯಪ್ ಮೇಕರ್’ ಎಂಬ ಸಾಧನವನ್ನು 2021ರ ಜನವರಿ 19ರಂದು ಮುಚ್ಚಿದರು. ಅದರಲ್ಲಿ ಮಾಡಿದ ಆ್ಯಪ್‌ಗಳು ಅಂದಿಗೆ ನಿಂತುಹೋದವು. ಆ್ಯಪ್‌ಶೀಟನ್ನು ನಾವು ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಅದು ಹೋದರೂ ಲೆಕ್ಕವೆಲ್ಲ ಶೀಟಿನಲ್ಲಿ ನಮ್ಮ ಕಣ್ಣೆದುರಿಗೇ ಉಳಿದಿರುತ್ತದೆ. ಲೆಕ್ಕ ತನ್ನೊಳಗೇ ಬಚ್ಚಿಟ್ಟುಕೊಂಡು ಎಕ್ಸೆಲ್ ರೂಪದಲ್ಲಿ ಹೊರತೆಗೆಯಲು ಬಿಡದ ಆ್ಯಪ್ ಎಷ್ಟೇ ಚೆಂದವಿದ್ದರೂ ಬೇಡವೆಂಬುದು ನಮ್ಮ ಸಲಹೆ.

ತಿಂಗಳಿಗೊಮ್ಮೆ ಮೂರು ಹಾಳೆಗಳನ್ನೂ ಎಕ್ಸೆಲ್ ರೂಪದಲ್ಲಿ ಇಳಿಸಿಕೊಂಡು ಬೇರೊಂದು ಕಡೆ ಇಡಿ. ಕೊಯ್ಲು ಮುಗಿದು ಕೊನೆಯ ಬಟವಾಡೆಯಾದ ಮೇಲೆ ಆಳುವಾರು ಮೊತ್ತದ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಹಳೆಯ ಪುಸ್ತಕಗಳ ಜೊತೆಯಲ್ಲೇ ಕಟ್ಟಿಡಿ. ಮುಂದಿನ ವರ್ಷಕ್ಕೆ ಅದೇ ಹಾಳೆಯ ಪ್ರತಿ ಮಾಡಿ, ಆಳುಗಳ ಪಟ್ಟಿಯನ್ನು ಉಳಿಸಿಕೊಂಡು, ತೂಕ ಮತ್ತು ಮುಂಗಡದ ಸಾಲುಗಳನ್ನು ಖಾಲಿ ಮಾಡಿ. ಹಳೆಯ ನಂಬರನ್ನು ಹೊಸಬರಿಗೆ ಕೊಡಬೇಡಿ. 7ನೆಯ ನಂಬರಿನವರು ಈ ವರ್ಷ ಬಾರದಿದ್ದರೆ ಆ ನಂಬರು ಖಾಲಿಯೇ ಇರಲಿ.